‘ಹಾಗಾದರೆ ನಿಮಗೆ ಫ್ರೆಂಚ್ ಬರುತ್ತದೆಯಲ್ಲವೇ?’

ಬರುವುದಿಲ್ಲ. ಕೆನಡಾದ ಬ್ರಾಂಪ್ಟನ್ನಿನಲ್ಲಿ ಮನೆ ಮಾಡಿ ಹನ್ನೊಂದು ವರ್ಷಗಳಾದರೂ ನನಗೆ ಫ್ರೆಂಚ್ ಬರುವುದಿಲ್ಲ. ‘ಅಲ್ಲಿ ಎಲ್ಲರೂ ಎರಡು ಭಾಷೆ ಮಾತನಾಡುತ್ತಾರಂತೆ’ ಎಂದು ಪೀಠಿಕೆ ಹಾಕಿ ಈ ಪ್ರಶ್ನೆ ಕೇಳುವವರಿಗೆಲ್ಲ ಒಂದೇ ಸಲ ಇಲ್ಲಿ ಉತ್ತರ ಬರೆದುಬಿಡುತ್ತೇನೆ. ಇನ್ನು ಬಾಯಿ ನೋಯಿಸಿಕೊಳ್ಳಲಾರೆ.

ದಾವಣಗೆರೆಯ ಮದುವೆಯೊಂದರಲ್ಲಿ, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ, ಸೋದರಮಾವ ‘ಎರಡು ಮಾತು ಫ್ರೆಂಚಿನಲ್ಲಿ ಆಡಪ್ಪ, ಬೀಗರು ಕೇಳಲಿ’ ಎಂದು ಹಟ ಹಿಡಿದರು. ನಾನು ಗಂಭೀರವಾಗಿ ‘ಲೇ ಎಕ್ರೆಮೆ’ ಎಂದೆ. ‘ಲೇ’ ಎಂದದ್ದಕ್ಕೆ ಬೀಗರ ಹುಬ್ಬು ಒಂದು ಕ್ಷಣ ಗಂಟಾಯಿತು, ಆಮೇಲೆ ತಲೆದೂಗಿದರು. ಅದರ ಅರ್ಥ ಕೆನೆ ತೆಗೆದ ಹಾಲು. ಅಂಗಡಿಯ ಪೊಟ್ಟಣಗಳ ಮೇಲೆ ಇಂಗ್ಲಿಷ್, ಫ್ರೆಂಚ್ ಎರಡೂ ಭಾಷೆಗಳಿರಬೇಕೆಂಬ ನಿಯಮವಿರುವುದರಿಂದ, ದಿನಾ ಬೆಳಗ್ಗೆ ಕಾಫಿಗೆ ಹಾಲು ಬಗ್ಗಿಸುವಾಗ ಕಣ್ಣಿಗೆ ಬೀಳುವ ಆ ಎರಡು ಪದಗಳೇ ನನ್ನ ಪಾಂಡಿತ್ಯದ ಮುಕ್ಕಾಲು ಪಾಲು.

1969ರ ಅಧಿಕೃತ ಭಾಷೆಗಳ ಕಾಯಿದೆ ಎರಡು ಭಾಷೆಗಳ ಹೊಣೆಯನ್ನು ಹೊರಿಸಿದ್ದು ಒಕ್ಕೂಟ ಸರ್ಕಾರದ ಮೇಲೆ, ನನ್ನಂಥವರ ನಾಲಗೆಯ ಮೇಲಲ್ಲ. 2021ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 3.7 ಕೋಟಿ (ಕರ್ನಾಟಕದಲ್ಲಿ 2011ರಲ್ಲೇ 6.1 ಕೋಟಿಯಿತ್ತು), ಅವರಲ್ಲಿ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಮಾತನಾಡಬಲ್ಲವರು ನೂರಕ್ಕೆ 18 ಮಂದಿ. ಹತ್ತು ಪ್ರಾಂತ್ಯಗಳಲ್ಲಿ ಎರಡನ್ನೂ ಅಧಿಕೃತವೆಂದು ಒಪ್ಪಿಕೊಂಡಿರುವುದು ನ್ಯೂ ಬ್ರನ್ಸ್‌ವಿಕ್ ಒಂದೇ. ಫ್ರೆಂಚ್ ಮಾತನಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದ ಅಧಿಕೃತ ಭಾಷೆ ಫ್ರೆಂಚ್ ಮಾತ್ರ. ನಮ್ಮ ಬೀದಿಯಲ್ಲಿ ನಾನು ನಿಜವಾಗಿ ಕಲಿಯಬೇಕಾಗಿದ್ದದ್ದು ಪಂಜಾಬಿ, ಅದನ್ನು ಅಷ್ಟಿಷ್ಟು ಕಲಿತಿದ್ದೇನೆ. ಅದರ ಬಗ್ಗೆ ಮಾತ್ರ ಯಾರೂ ವಿಚಾರಿಸುವುದಿಲ್ಲ.

ಯಾರ ಭಾಷೆಯನ್ನು ಯಾರು ಕಲಿಯುತ್ತಾರೆ ಎಂದು ಕೇಳಿದ್ದರೆ ಹೋಳಿಗೆ ಆರಿದರೂ ಸರಿಯೆಂದು ಕುಳಿತು ಹೇಳುತ್ತಿದ್ದೆ. ಅದೇ ಗಣತಿಯ ಪ್ರಕಾರ ಕ್ವಿಬೆಕ್‌ನಲ್ಲಿ ಎರಡೂ ಬಲ್ಲವರು ನೂರಕ್ಕೆ 46, ಉಳಿದ ಕೆನಡಾದಲ್ಲಿ ಹತ್ತಕ್ಕೂ ಕಡಿಮೆ. ಹೊಂದಿಕೊಳ್ಳುವ ಕೆಲಸ ಹೆಚ್ಚಾಗಿ ಕಡಿಮೆ ಸಂಖ್ಯೆಯವರ ಪಾಲಿಗೇ ಬಿದ್ದಿದೆ. ಬೆಂಗಳೂರಿನಲ್ಲಿ ಆಟೋದವರೊಡನೆ ಹಿಂದಿಯಲ್ಲಿ ಚೌಕಾಸಿ ಮಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು, ಈ ಎರಡು ಭಾಷೆಗಳು ಹಡಗಿನಿಂದ ಇಳಿಯುವುದಕ್ಕೆ ಮೊದಲೇ ಅಲ್ಲಿದ್ದ ಕ್ರೀ, ಇನುಕ್ಟಿಟುಟ್‌ನಂಥ ಭಾಷೆಗಳ ಗತಿಯೇನಾಯಿತೆಂದು ಕೇಳಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಅವುಗಳಿಗೆಂದು ಒಕ್ಕೂಟ ಸರ್ಕಾರ ಪ್ರತ್ಯೇಕ ಕಾಯಿದೆ ಮಾಡಿದ್ದು 2019ರಲ್ಲಿ, ಹಡಗಿನಲ್ಲಿ ಬಂದವುಗಳಿಗೆ ಮಾಡಿಕೊಟ್ಟ ಐವತ್ತು ವರ್ಷಗಳ ನಂತರ.