ಲಿವರ್ಮೋರ್‌ನ ವೈನ್ ವರ್ತನೆ

ಲಿವರ್ಮೋರ್ ಅಂದ್ರೆ ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿರೋ ಕನ್ನಡದೋರಿಗೆ ಮೊದಲು ನೆನಪಾಗೋದು ಶಿವ ವಿಷ್ಣು ದೇವಸ್ಥಾನ. ಹೊಸ ಕಾರಿನ ಪೂಜೆ, ಮಗುವಿನ ಅನ್ನಪ್ರಾಶನ, ಊರಿಂದ ಅಪ್ಪ ಅಮ್ಮ ಬಂದ್ರೆ ಮೊದಲನೇ ಶನಿವಾರ, ಎಲ್ಲಕ್ಕೂ ಅಲ್ಲಿಗೇ ಹೋಗೋದು. ಆದ್ರೆ ದೇವಸ್ಥಾನ ಇರೋದು 580 ಹೆದ್ದಾರಿಯ ಈ ಕಡೆ, ಹೆದ್ದಾರಿ ದಾಟಿ ದಕ್ಷಿಣಕ್ಕೆ ಹೋದ್ರೆ ಟೆಸ್ಲಾ ರೋಡ್ ಸಿಗುತ್ತೆ (ಕಾರಿನ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ, ಹಿಂದೆ ಆ ಬೆಟ್ಟದಲ್ಲಿ ಟೆಸ್ಲಾ ಅಂತ ಕಲ್ಲಿದ್ದಲ ಗಣಿ ಊರಿತ್ತು, ಅದರ ಹೆಸರು), ಅದರ ಎರಡೂ ಕಡೆ ದ್ರಾಕ್ಷಿ ತೋಟಗಳೇ. ನಲವತ್ತಕ್ಕೂ ಹೆಚ್ಚು ವೈನರಿಗಳಿವೆ ಈ ಕಣಿವೇಲಿ. ವೆಂಟಿ, ಕಾನ್‌ಕಾನನ್ ಅನ್ನೋ ಎರಡು ದೊಡ್ಡ ಹೆಸರು 1883ರಲ್ಲೇ ಶುರುವಾದವು. ಉಳಿದವು ಹೆಚ್ಚಿನವು ಸಣ್ಣ ಸಣ್ಣ ಮನೆತನದವು, ಗಂಡ ಹೆಂಡತಿ ಮಕ್ಕಳು ಸೇರಿ ನಡೆಸೋವು.

ಅಂಥ ಒಂದು ಮನೆಯ ವೈನ್ ಕ್ಲಬ್ಬಿಗೆ ನಾವು 2018ರಲ್ಲಿ ಸೇರಿದ್ವಿ. ಹೆಸರು ಹೇಳಲ್ಲ, ಅವರು ಸಂಕೋಚದ ಜನ. ಊರಲ್ಲಿ ಇದನ್ನ ಹೇಳಿದಾಗ ಅಮ್ಮ ಫೋನಲ್ಲಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಕ್ಲಬ್ಬು ಅಂದ ಕೂಡ್ಲೆ ಅವಳ ಕಣ್ಮುಂದೆ ಬಂದಿದ್ದು ಇಸ್ಪೀಟು, ರಾತ್ರಿ, ಜಗಳ. ನನಗೆ ಅದನ್ನ ಬಿಡಿಸಿ ಹೇಳೋಕೆ ಒಂದೇ ಪದ ಸಿಕ್ತು. ವರ್ತನೆ ಕಣಮ್ಮ, ಅಂದೆ. ನಮ್ಮನೆಗೆ ಹೂವಿನಮ್ಮ ದಿನಾ ಒಂದು ಮೊಳ ಹೂ ತಂದು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗ್ತಿದ್ಲಲ್ಲ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪೇಟೇಲಿ ಹೂವಿನ ರೇಟು ಮುಟ್ಟೋಕಾಗದೆ ಇದ್ರೂ ವರ್ತನೆ ಮನೆಗೆ ಅದೇ ದುಡ್ಡಿಗೆ ಅದೇ ಮೊಳ ಕೊಡ್ತಿದ್ಲು, ಮಳೆಗಾಲದಲ್ಲಿ ಹೂ ಬಾಡಿದ್ರೆ ನೀನೂ ಬೇಡ ಅಂತಿರ್ಲಿಲ್ಲ. ಇದೂ ಅಂಥದ್ದೇ ಅಂದೆ. ಆಗ ಸಮಾಧಾನ ಆಯ್ತು.

ಹೇಗೆ ನಡೆಯುತ್ತೆ ಅಂದ್ರೆ, ವರ್ಷಕ್ಕೆ ನಾಲ್ಕು ಸಲ, ಫೆಬ್ರವರಿ, ಮೇ, ಸೆಪ್ಟೆಂಬರ್, ನವೆಂಬರ್, ಪ್ರತಿ ಸಲ ಮೂರು ಬಾಟಲಿ. ಯಾವುದು ಅಂತ ಅವರೇ ಆರಿಸ್ತಾರೆ, ಕಾರ್ಡಿಂದ ದುಡ್ಡು ತಾನಾಗೇ ಹೋಗುತ್ತೆ, ನಮಗೆ 20 ಪರ್ಸೆಂಟ್ ಕಮ್ಮಿ. ದೂರದೋರಿಗೆ ಕೊರಿಯರಲ್ಲಿ ಹೋಗುತ್ತೆ, 21 ವರ್ಷ ದಾಟಿದ ಯಾರಾದ್ರೂ ಮನೇಲಿದ್ದು ಸಹಿ ಹಾಕ್ಬೇಕು, ಬೇಸಿಗೇಲಂತೂ ಕಳಿಸೋದೇ ಇಲ್ಲ, ಲಾರಿಯ ಬಿಸಿಗೆ ವೈನ್ ಕೆಡುತ್ತೆ. ನಾವು ಹತ್ತಿರ ಇರೋರು ಹೋಗಿ ತರ್ತೀವಿ. ಆ ಶನಿವಾರ ಭಾನುವಾರಕ್ಕೆ ಪಿಕಪ್ ಪಾರ್ಟಿ ಅಂತಾರೆ, ಅದಕ್ಕೋಸ್ಕರನೇ ನಾನು ಕಾಯ್ತಿರ್ತೀನಿ. ಅಂಗಳದಲ್ಲಿ ಉದ್ದ ಮೇಜು ಹಾಕಿ, ಮನೆಯ ಅಜ್ಜಿ ಮಾಡಿದ ಬ್ರೆಡ್ಡು, ಆಲಿವ್, ಚೀಸು ಇಟ್ಟಿರ್ತಾರೆ, ಯಾರೋ ಗಿಟಾರ್ ನುಡಿಸ್ತಿರ್ತಾರೆ, ಮಕ್ಕಳು ನಾಯಿ ಜೊತೆ ಓಡ್ತಿರ್ತಾರೆ, ನಾಲ್ಕು ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಕಡೆಯಿಂದ ತಂಪು ಗಾಳಿ ಬರುತ್ತೆ ನೋಡಿ, ಆ ಗಾಳೀನೇ ಈ ಕಣಿವೆಯ ಗುಟ್ಟು. ಇಲ್ಲಿ ಬೆಟ್ಟದ ಸಾಲು ಪೂರ್ವ ಪಶ್ಚಿಮವಾಗಿದೆ, ಮಧ್ಯಾಹ್ನ 38 ಡಿಗ್ರಿ ಸುಡೋ ಬಿಸಿಲಿದ್ರೂ ಸಂಜೆಗೆ ಸಮುದ್ರದ ಗಾಳಿ ನುಗ್ಗಿ ಹಣ್ಣನ್ನ ತಣ್ಣಗೆ ಮಾಡುತ್ತೆ, ಹಾಗಾಗಿ ಸಿಹಿ ಏರಿದ್ರೂ ಹುಳಿ ಉಳ್ಕೊಳುತ್ತೆ. ಪೂರ್ವಕ್ಕೆ ಆಲ್ಟಮಾಂಟ್ ಬೆಟ್ಟದ ಮೇಲಿನ ಗಾಳಿಯಂತ್ರಗಳೂ ಇದೇ ಗಾಳಿಗೆ ತಿರುಗೋದು.

ಕುಡಿಯೋದರ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ. ರುಚಿ ನೋಡೋಕೆ ಹಾಕೋದು ಒಂದೆರಡು ಗುಟುಕು, ಉಗುಳೋಕೆ ಪಾತ್ರೆ ಇಟ್ಟಿರ್ತಾರೆ, ಉಗುಳಿದ್ರೆ ಯಾರೂ ಏನೂ ಅನ್ಕೊಳಲ್ಲ, ಗಾಡಿ ಓಡಿಸೋರು ಮುಟ್ಟೋದೇ ಇಲ್ಲ. ನಮ್ಮನೆಯವರು ಈ ಎಂಟು ವರ್ಷದಲ್ಲಿ ಅಲ್ಲಿ ಕುಡಿದಿರೋದು ದ್ರಾಕ್ಷಿ ಜ್ಯೂಸು ಮಾತ್ರ, ಅವರೇ ಡ್ರೈವರ್ರು.

ಚಳಿಗಾಲದಲ್ಲಿ ಒಂದು ದಿನ ಬ್ಲೆಂಡಿಂಗ್ ಕ್ಲಾಸ್ ಇರುತ್ತೆ. ಕ್ಯಾಬರ್ನೆ, ಮೆರ್ಲೋ, ಪೆಟಿ ವರ್ಡೋ ಅಂತ ಬೇರೆ ಬೇರೆ ವೈನ್ ಇಟ್ಟು, ಕಾಲೇಜ್ ಲ್ಯಾಬಲ್ಲಿರೋ ಥರ ಅಳತೆ ಗಾಜು ಕೊಟ್ಟು, ನೀವೇ ಬೆರೆಸಿ ನೋಡಿ ಅಂತಾರೆ. ನೂರು ಮಿಲಿಗೆ ಐದು ಮಿಲಿ ಪೆಟಿ ವರ್ಡೋ ಸೇರಿದ್ರೆ ಸಾಕು, ಇಡೀ ರುಚಿ ಬದಲಾಗುತ್ತೆ, ಸಾರಿಗೆ ಇಂಗು ಹಾಕಿದ ಹಾಗೆ. ನೆಲಮಾಳಿಗೇಲಿ ಓಕ್ ಪೀಪಾಯಿಗಳಿವೆ, ಒಂದೊಂದು 225 ಲೀಟರ್, ಅಂದ್ರೆ ಮುನ್ನೂರು ಬಾಟಲಿ. ಮರದ ಮೂಲಕ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗ್ತಾನೇ ಇರುತ್ತೆ, ಅದಕ್ಕೆ ಆಗಾಗ ತುಂಬಿಸ್ತಿರಬೇಕು, ಬಿಟ್ರೆ ಮೇಲಿನ ಖಾಲಿ ಜಾಗದ ಗಾಳಿಗೆ ಹುಳಿಯಾಗುತ್ತೆ. ಮನೆಯ ಮಗಳು ಉದ್ದ ಗಾಜಿನ ಕೊಳವೇಲಿ ಪೀಪಾಯಿಂದ ಎಳೆದು ನಮ್ಮ ಲೋಟಕ್ಕೆ ಬಿಡ್ತಾಳೆ, ಇನ್ನೂ ಒಂದು ವರ್ಷ ಬೇಕು ಇದಕ್ಕೆ, ಒರಟಾಗಿದೆ ಅಲ್ವಾ, ಅಂತ ಕೇಳ್ತಾಳೆ. ನಾವು ಹೇಳಿದ್ದನ್ನ ಚೀಟೀಲಿ ಬರ್ಕೊಳ್ತಾಳೆ, ಅದು ನನಗೆ ತುಂಬಾ ಇಷ್ಟ.

ಈಗ ಮುಖ್ಯ ವಿಷಯ. 2020.

ನಮ್ಮಪ್ಪ ದೊಡ್ಡಬಳ್ಳಾಪುರ ತಾಲ್ಲೂಕಲ್ಲಿ ದ್ರಾಕ್ಷಿ ಬೆಳೆಯೋರು. ಬೆಂಗಳೂರು ಬ್ಲೂ, 2013ರಲ್ಲಿ ಜಿಐ ಟ್ಯಾಗ್ ಸಿಕ್ತಲ್ಲ ಅದೇ ತಳಿ, ಕಲ್ಲುಕಂಬದ ಮೇಲೆ ಚಪ್ಪರ, ಎರಡೂವರೆ ಎಕರೆ. ಆ ವರ್ಷ ಮಾರ್ಚಲ್ಲಿ ಕಾಯಿ ಹಣ್ಣಾಗಿ ನಿಂತಿತ್ತು, ಲಾಕ್‌ಡೌನ್ ಆಯ್ತು. ಲಾರಿ ಇಲ್ಲ, ಮಾರ್ಕೆಟ್ ಇಲ್ಲ, ಮುಂಗಡ ಕೊಟ್ಟಿದ್ದ ವ್ಯಾಪಾರಿ ಫೋನ್ ಎತ್ತಲಿಲ್ಲ. ಅಪ್ಪ ಮೂರು ವಾರ ಕಾದು, ಬೀದಿ ಬೀದಿಗೆ ಹಂಚಿ, ಉಳಿದಿದ್ದನ್ನ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ರು. ಕೀಳದೆ ಬಿಟ್ರೆ ಗಿಡ ಹಾಳಾಗುತ್ತಲ್ಲ, ಅದಕ್ಕೆ ಕೂಲಿ ಕೊಟ್ಟು ಕೀಳಿಸಿದ್ರು. ವಿಡಿಯೋ ಕಾಲಲ್ಲಿ ತೋರಿಸಿದ್ರು ನಂಗೆ, ಏನೂ ಮಾತಾಡದೆ, ಬರೀ ಕ್ಯಾಮೆರಾ ಗುಂಡಿ ಕಡೆ ತಿರುಗಿಸಿ.

ಅದೇ ವರ್ಷ ಇಲ್ಲೂ ಮಾರ್ಚಲ್ಲಿ ವೈನರಿಗಳ ಟೇಸ್ಟಿಂಗ್ ರೂಮು ಮುಚ್ಚಿಸಿದ್ರು. ನಮ್ಮ ಕ್ಲಬ್ಬಿನ ಮನೆಯೋರು ಗೇಟಿನ ಹತ್ತಿರ ಮೇಜು ಹಾಕಿ, ಮಾಸ್ಕ್ ಹಾಕ್ಕೊಂಡು, ನಾವು ಕಾರ್ ಡಿಕ್ಕಿ ತೆಗೆದ್ರೆ ಬಾಟಲಿ ಇಟ್ಟು ಕೈ ಬೀಸ್ತಿದ್ರು. ಅದು ಹೇಗೋ ನಡೀತು. ಆಗಸ್ಟ್ 16ರ ಬೆಳಗಿನ ಜಾವ ಮಳೆಯಿಲ್ಲದ ಗುಡುಗು ಸಿಡಿಲು ಬಂತು, ಆಗ್ನೇಯದ ಬೆಟ್ಟಗಳಿಗೆ ಬೆಂಕಿ ಬಿತ್ತು. ವಾರಗಟ್ಟಲೆ ಹೊಗೆ. ಸೆಪ್ಟೆಂಬರ್ 9ಕ್ಕೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ ಹಗಲಲ್ಲೇ ಲೈಟ್ ಹಾಕ್ಕೊಂಡು ಕೂತಿದ್ವಿ. ತೋಟ ಸುಡಲಿಲ್ಲ, ಆದ್ರೆ ಹೊಗೆ ದ್ರಾಕ್ಷಿಯ ಸಿಪ್ಪೇಲಿ ಸೇರ್ಕೊಳುತ್ತೆ. ತಿಂದ್ರೆ ಗೊತ್ತೇ ಆಗಲ್ಲ, ಯಾಕಂದ್ರೆ ಹೊಗೆಯ ಅಂಶ ಹಣ್ಣಿನ ಸಕ್ಕರೆ ಜೊತೆ ಅಂಟ್ಕೊಂಡಿರುತ್ತೆ, ಹುಳಿ ಬಂದು ವೈನ್ ಆಗೋವಾಗ ಬಿಡುತ್ತೆ, ಆಮೇಲೆ ಬೂದಿ ನೆಕ್ಕಿದ ಹಾಗಿರುತ್ತೆ. ಕೆಂಪು ವೈನನ್ನ ಸಿಪ್ಪೆ ಸಮೇತ ಹುಳಿ ಬರಿಸೋದು, ಅದಕ್ಕೇ ಅದಕ್ಕೆ ಪೆಟ್ಟು ಜಾಸ್ತಿ. ಲ್ಯಾಬುಗಳಿಗೆ ಸ್ಯಾಂಪಲ್ ರಾಶಿ ಬಿದ್ದು ವರದಿ ಬರೋ ಹೊತ್ತಿಗೆ ಹಣ್ಣು ಮುಗಿದಿರುತ್ತೆ, ಹಾಗಾಗಿ ಇವರು ಬಕೆಟಲ್ಲೇ ಸ್ವಲ್ಪ ಹುಳಿ ಬರಿಸಿ ಮೂಸಿ ನೋಡಿದ್ರು. ಆ ವರ್ಷ ಕೆಂಪು ವೈನ್ ಮಾಡೋದೇ ಬೇಡ ಅಂತ ತೀರ್ಮಾನಿಸಿದ್ರು.

ಕೆಂಪು ವೈನು ಎರಡು ವರ್ಷ ಪೀಪಾಯಿ ಮತ್ತೆ ಬಾಟಲೀಲಿ ಕಳೆದು ಹೊರಗೆ ಬರೋದು, ಅದಕ್ಕೆ ಆ ಕೊರತೆ ನಮಗೆ ಕಂಡಿದ್ದು 2022ರ ನವೆಂಬರಲ್ಲಿ. ಪೆಟ್ಟಿಗೆಯೊಳಗೆ ಒಂದು ಕಾಗದ ಇತ್ತು, ಕೈಬರಹ. ನೀವು ಕಾಯ್ತಿದ್ದ ಪೆಟಿಟ್ ಸಿರಾ (ಆ ಹೆಸರಿನ ದ್ರಾಕ್ಷಿಯ ಕೆಂಪು ವೈನ್) ಈ ಸಲ ಇಲ್ಲ, ಮಾಡಿದ್ರೆ ನಾವು ನಿಮ್ಮ ಮುಂದೆ ಇಡೋ ಹಾಗೆ ಇರ್ತಿರ್ಲಿಲ್ಲ, ಅದರ ಬದಲು ಒಂದು ಬಿಳಿ, ಒಂದು ರೋಸೆ (ಗುಲಾಬಿ ಬಣ್ಣದ್ದು), ಮತ್ತೆ ನಮ್ಮ ಮನೆಗೆ ಅಂತ ಎತ್ತಿಟ್ಟಿದ್ದ 2019ರ ಒಂದು ಬಾಟಲಿ ಹಾಕಿದೀವಿ, ಬೇಡ ಅಂದ್ರೆ ದುಡ್ಡು ವಾಪಸ್. ನಾನು ಆ ಕಾಗದ ಎತ್ತಿಟ್ಕೊಂಡಿದೀನಿ. ಎಷ್ಟು ಜನ ಬೇಡ ಅಂದ್ರು ಅಂತ ಆಮೇಲೆ ಮಗಳನ್ನ ಕೇಳಿದೆ, ಕೈಬೆರಳಲ್ಲಿ ಎಣಿಸಬಹುದು ಅಂದ್ಲು, ಕಣ್ಣು ತುಂಬಿತ್ತು.

2023ರ ಸೆಪ್ಟೆಂಬರಲ್ಲಿ ಅಪ್ಪ ಅಮ್ಮ ಬಂದ್ರು. ಕ್ಲಬ್ಬಿನ ಸದಸ್ಯರಿಗೆ ಕೊಯ್ಲಿನ ದಿನ ಬೆಳಿಗ್ಗೆ ಆರೂವರೆಗೆ ಬನ್ನಿ ಅಂತ ಕರೆದಿದ್ರು, ಅಪ್ಪ ನಾಲ್ಕಕ್ಕೇ ಎದ್ದು ರೆಡಿ. ಇಲ್ಲಿ ದ್ರಾಕ್ಷಿ ಕೀಳೋದು ರಾತ್ರಿ, ದೀಪ ಹಾಕ್ಕೊಂಡು, ಹಣ್ಣು ತಣ್ಣಗಿರಬೇಕು ಅಂತ. ನಾವು ಹೋದಾಗ ಕೊನೆಯ ಸಾಲುಗಳು. ಮೆಕ್ಸಿಕೋ ಕಡೆಯ ಆಳುಗಳು ಡೊಂಕು ಚಾಕೂಲಿ ಗೊಂಚಲು ಕತ್ತರಿಸಿ ಕ್ರೇಟು ತುಂಬ್ಕೊಂಡು ಓಡ್ತಿದ್ರು. ನಾನೂ ಕೈ ಹಾಕ್ಲಾ ಅಂತ ಅಪ್ಪ ಕೇಳಿದ್ರು, ಆಗಲ್ಲ ಅಂದ್ರು. ಇಲ್ಲಿ ಲಾಭಕ್ಕೆ ನಡೆಸೋ ಜಾಗದಲ್ಲಿ ಪುಕ್ಕಟೆ ಕೆಲಸ ಮಾಡಿಸ್ಕೊಳೋ ಹಾಗಿಲ್ಲ, 2014ರಲ್ಲಿ ಪಕ್ಕದ ಕಣಿವೆಯ ಒಂದು ಸಣ್ಣ ವೈನರಿ ಹಾಗೆ ಮಾಡಿ ಲಕ್ಷ ಡಾಲರಿಗೂ ಮೀರಿ ದಂಡ ಬಿದ್ದು ಬಾಗಿಲು ಹಾಕ್ತು. ಸದಸ್ಯರು ತೊಟ್ಟೀಲಿ ಕಾಲಲ್ಲಿ ತುಳಿಯೋದು ಬರೀ ಸಂತೋಷಕ್ಕೆ, ಆ ರಸ ಬಾಟಲಿಗೆ ಹೋಗಲ್ಲ.

ಅಪ್ಪ ಗಿಡದ ಹತ್ತಿರ ಹೋದ್ರು. ಸೊಂಟದೆತ್ತರಕ್ಕೆ ತಂತಿ ಕಟ್ಟಿ ಬೆಳೆಸಿರೋದು ನೋಡಿ, ಚಪ್ಪರ ಇಲ್ಲದೆ ಹಣ್ಣಿಗೆ ನೆರಳು ಹೆಂಗೆ, ಅಂತ ಎಲೆ ಸರಿಸಿ ಸರಿಸಿ ನೋಡಿದ್ರು. ಪೆಟಿಟ್ ಸಿರಾ ಒಂದು ಕಾಯಿ ಬಾಯಿಗೆ ಹಾಕ್ಕೊಂಡು, "ಸಿಪ್ಪೆ ಬಿಡಲ್ಲವಲ್ಲ ಕಣಮ್ಮ ಇದು" ಅಂದ್ರು. ನಿಜ, ನಮ್ಮ ಬ್ಲೂ ಒತ್ತಿದ್ರೆ ತಿರುಳು ಪುಳಕ್ ಅಂತ ಆಚೆ ಬರುತ್ತೆ, ಇದು ಸಿಪ್ಪೆಗೆ ಅಂಟಿರುತ್ತೆ. ಬೆರಳು ಕಪ್ಪಗಾಯ್ತು. ಮನೆಯ ಯಜಮಾನ್ರು, ಎಪ್ಪತ್ತರ ಹತ್ತಿರದೋರು, ಜೇಬಿಂದ ಸಕ್ಕರೆ ಅಳೆಯೋ ದುರ್ಬೀನು ತೆಗೆದು ಕೊಟ್ರು. ಅಪ್ಪನಿಗೆ ಅದು ಗೊತ್ತು, ಜ್ಯೂಸ್ ಫ್ಯಾಕ್ಟರಿಯೋರು ಅದನ್ನೇ ಇಟ್ಟು ರೇಟು ಇಳಿಸೋದು. ನೋಡಿ "ಇಪ್ಪತ್ತೈದಾ?" ಅಂತ ನನ್ನ ಕಡೆ ತಿರುಗಿದ್ರು, ನಮ್ಮಲ್ಲಿ ಹದಿನೇಳು ಬಂದ್ರೆ ದೊಡ್ಡದು.

ಆಮೇಲೆ ಇಬ್ಬರೂ ಕಲ್ಲಿನ ಮೇಲೆ ಕೂತ್ರು, ನಡುವೆ ನಾನು ಮಾತು ದಾಟಿಸ್ತಾ. ನಮ್ಮಲ್ಲಿ ವರ್ಷಕ್ಕೆ ಎರಡು ಬೆಳೆ ಅಂದಾಗ ಆ ಯಜಮಾನ್ರು ನಂಬಲಿಲ್ಲ. ಹಾಗಾದ್ರೆ ನಿಮ್ಮ ಗಿಡ ಯಾವಾಗ ಮಲಗುತ್ತೆ ಅಂದ್ರು. ಇಲ್ಲಿ ಚಳಿಗೆ ಎಲೆ ಉದುರಿ ಮೂರು ತಿಂಗಳು ಗಿಡ ನಿದ್ದೆ ಮಾಡುತ್ತೆ. "ನಮ್ಮಲ್ಲಿ ಅದಕ್ಕೆ ನಿದ್ದೆ ಇಲ್ಲ, ನಾವೇ ಸವರಿ ಎಬ್ಬಿಸ್ತೀವಿ" ಅಂದ್ರು ಅಪ್ಪ. ಆಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಹಣ್ಣಿಗೂ ತಿನ್ನೋರಿಗೂ ಮಧ್ಯೆ ಎಷ್ಟು ಜನ ಇದಾರೆ ಅಂತ.

ಅದಕ್ಕೆ ಆ ಯಜಮಾನ್ರು ಹೇಳಿದ್ದು ನನಗೂ ಹೊಸದು. 1920ರಿಂದ 1933ರವರೆಗೆ ಇಲ್ಲಿ ಪಾನನಿಷೇಧ ಇತ್ತು, ಚರ್ಚಿನ ಪೂಜೆಯ ವೈನ್ ಮಾಡೋಕೆ ಪರವಾನಗಿ ಇದ್ದಂಥ ಕೆಲವರು ಉಳ್ಕೊಂಡ್ರು. ನಿಷೇಧ ತೆಗೆದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಮಾಡೋನು ಡಿಸ್ಟ್ರಿಬ್ಯೂಟರಿಗೆ, ಅವನು ಅಂಗಡಿಗೆ, ಅಂಗಡಿಯೋನು ಜನಕ್ಕೆ ಅಂತ ಮೂರು ಮೆಟ್ಟಿಲು ಮಾಡಿದ್ರು. ಸಾವಿರ ಎರಡು ಸಾವಿರ ಕೇಸ್ (ಹನ್ನೆರಡು ಬಾಟಲಿಯ ಪೆಟ್ಟಿಗೆ) ಮಾಡೋ ಸಣ್ಣ ಮನೆಯನ್ನ ದೊಡ್ಡ ಡಿಸ್ಟ್ರಿಬ್ಯೂಟರ್ ತಿರುಗಿ ನೋಡಲ್ಲ, ನೋಡಿದ್ರೂ ಅರ್ಧ ಬೆಲೆ. ನೇರ ಮಾರೋಕೆ ಕ್ಯಾಲಿಫೋರ್ನಿಯಾದಲ್ಲಿ ಅವಕಾಶ ಇದೆ, ಬೇರೆ ರಾಜ್ಯಗಳ ಬಾಗಿಲು ತೆರೆಯೋಕೆ 2005ರ ಸುಪ್ರೀಂ ಕೋರ್ಟ್ ತೀರ್ಪು ದೊಡ್ಡ ಸಹಾಯ ಆಯ್ತು. ಹಾಗಾಗಿ ಕ್ಲಬ್ಬೇ ನಮ್ಮ ಉಸಿರು, ಹೊಗೆ ವರ್ಷ ನಾವು ಬದುಕಿದ್ದು ಈ ಜನರಿಂದ, ಅಂತ ಅಂಗಳದ ಕಡೆ ಕೈ ತೋರಿಸಿದ್ರು.

ಅಪ್ಪ ಸುಮಾರು ಹೊತ್ತು ಸುಮ್ಮನೆ ಕೂತಿದ್ರು. ಅವರು ವೈನ್ ಮುಟ್ಟಲ್ಲ, ಆದ್ರೆ ಹುಳಿ ಬರ್ತಿರೋ ತೊಟ್ಟಿ ಹತ್ತಿರ ನಿಂತು, ಮೇಲೆ ತೇಲಿ ಬರೋ ಸಿಪ್ಪೆಯನ್ನ ಕೋಲಲ್ಲಿ ಕೆಳಗೆ ಒತ್ತೋದನ್ನ ನೋಡಿ, "ದೋಸೆ ಹಿಟ್ಟು ಉಕ್ಕಿದಂಗೆ" ಅಂದ್ರು. ವಾಪಸ್ ಬರ್ತಾ ದೇವಸ್ಥಾನಕ್ಕೆ ಹೋಗಿ ಬಂದ್ವಿ. ಕಾರಲ್ಲಿ ಇದ್ದಕ್ಕಿದ್ದಂಗೆ, "ಆವಯ್ಯನಿಗೆ ವರ್ತನೆ ಮನೆ ಎಷ್ಟಿರಬಹುದು?" ಅಂದ್ರು. ನಾನೂರು ಅಂತೆ ಅಂದೆ.

ಊರಿಗೆ ಹೋದ ಮೇಲೆ ಅಪ್ಪ ನನ್ನ ತಮ್ಮನನ್ನ ಹಿಡ್ಕೊಂಡು, ಯಲಹಂಕದಲ್ಲಿ ಅವನಿರೋ ಅಪಾರ್ಟ್‌ಮೆಂಟಲ್ಲಿ 26 ಮನೆ ಒಪ್ಪಿಸಿದಾರೆ. ಬೆಳೆ ಬಂದಾಗ ಮನೆಗೆ ಐದು ಕೆಜಿ, ದುಡ್ಡು ಮೊದಲೇ, ಹಣ್ಣು ಅದೇ ದಿನ ಬೆಳಿಗ್ಗೆ ಕಿತ್ತಿದ್ದು. ಎರಡೂವರೆ ಎಕರೆಗೆ ಅದು ಏನೇನೂ ಅಲ್ಲ, ಉಳಿದಿದ್ದು ಇವತ್ತಿಗೂ ಮಂಡಿಗೇ ಹೋಗುತ್ತೆ. ಆದ್ರೂ ಆ 26 ಮನೆ ಹಣ್ಣನ್ನ ಅಪ್ಪ ತಾವೇ ಆರಿಸಿ ಬಾಕ್ಸಿಗೆ ಹಾಕ್ತಾರೆ.

ಕಳೆದ ಸಲ ಮಳೆ ಹಿಡಿದು ಗೊಂಚಲಿಗೆ ರೋಗ ಬಿತ್ತು. ಅಪ್ಪ ನನಗೆ ಫೋನ್ ಮಾಡಿ, ಆವಯ್ಯ ಹೊಗೆ ವರ್ಷ ಕಾಗದ ಬರೆದಿದ್ನಲ್ಲ, ಅದನ್ನ ಇನ್ನೊಂದು ಸಲ ಓದು ಅಂದ್ರು. ಓದಿದೆ. ಮಾರನೇ ದಿನ ತಮ್ಮ ಒಂದು ಚೀಟಿಯ ಫೋಟೋ ಕಳಿಸಿದ, ಅಪ್ಪನ ದುಂಡಗಿನ ಅಕ್ಷರ, 26 ಜೆರಾಕ್ಸ್ ಮಾಡಿಸಿ ಪ್ರತಿ ಬಾಕ್ಸಿಗೆ ಹಾಕಿದ್ರಂತೆ: "ಈ ಸಲ ಮಳೆ ಜಾಸ್ತಿ ಆಗಿ ಕಾಯಿ ಕಮ್ಮಿ. ಐದು ಕೆಜಿ ಬದಲು ಮೂರು ಕೆಜಿ ಇಟ್ಟಿದೀನಿ. ಉಳಿದ ಎರಡು ಕೆಜಿ ಮುಂದಿನ ಬೆಳೇಲಿ ತೀರಿಸ್ತೀನಿ. ಬೇಡ ಅಂದ್ರೆ ನನ್ನ ಮಗನ ಹತ್ತಿರ ದುಡ್ಡು ಇಸ್ಕೊಳ್ಳಿ."