ಜೂನ್‌ನಾಗ ಇದು ಎಲ್ಲಿರ್ತದ?

ನಾನು ಸರ್ವೇಯರ್ ಅಂದರೆ ಊರಲ್ಲಿ ಎಲ್ಲರೂ ಜಮೀನಿನ ಸರ್ವೇಯರ್ ಅಂತಲೇ ತಿಳಿದುಕೊಳ್ಳುತ್ತಾರೆ. ಅಂಕೋಲೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಪಹಣಿ ಹಿಡಿದು ಬಂದು, ಪೋಡಿ ಯಾವಾಗ ಆಗ್ತದೆ ಅಂತ ಕೇಳುತ್ತಾರೆ. ನಾನು ನೋಡುವುದು ದೋಣಿ. ಗೋವಾದಲ್ಲಿ ಹಳೆಯ ಹಾಯಿದೋಣಿ ಕೊಳ್ಳುವವರು ದುಡ್ಡು ಕೊಡುವ ಮುಂಚೆ ನನ್ನನ್ನು ಕರೆಯುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಪರಿಚಯದ ಮೆಕ್ಯಾನಿಕ್‌ನನ್ನು ಕರೆದೊಯ್ಯುತ್ತೀರಲ್ಲ, ಹಾಗೇ.

ಕೆಲಸ ಕೇಳಲು ದೊಡ್ಡದು, ಮಾಡುವಾಗ ಮೈಯೆಲ್ಲ ಕೊಳೆ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಅದರ ಹೊಟ್ಟೆಯ ಕೆಳಗೆ ಮಲಗಿ, ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಗೇಣುಗೇಣಿಗೂ ಬಡಿಯುತ್ತ ಹೋಗಬೇಕು. ಸಂತೆಯಲ್ಲಿ ಮಣ್ಣಿನ ಗಡಿಗೆ ಬಡಿದು ನೋಡುವುದಿಲ್ಲವೇ? ದೋಣಿಯ ಫೈಬರ್ ಗಟ್ಟಿಯಿದ್ದರೆ ಠಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಧಪ್ ಅನ್ನುತ್ತದೆ. ಆಮೇಲೆ ತೇವ ಅಳೆಯುವ ಮೀಟರ್ ಹಿಡಿಯಬೇಕು. ಕೀಲ್ (ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ಭಾರದ ರೆಕ್ಕೆ) ಹಿಡಿದಿಡುವ ಬೋಲ್ಟು, ಚುಕ್ಕಾಣಿ, ನೀರು ಒಳಬರುವ ವಾಲ್ವುಗಳು, ಎಂಜಿನ್ ಆಯಿಲ್, ಹಾಯಿಕಂಬ ಹಿಡಿದಿಡುವ ಉಕ್ಕಿನ ತಂತಿಗಳು, ಎಲ್ಲ ನೋಡಬೇಕು. ಈ ತಂತಿ ಹೊಳೆಯುತ್ತಿದೆ ಅಂತ ನಂಬಬಾರದು. ಸ್ಟೇನ್‌ಲೆಸ್ ಸ್ಟೀಲ್ ಗಾಳಿ ಸಿಗದ ಸಂದಿಯಲ್ಲಿ ಒಳಗೊಳಗೇ ಕೊರೆದುಹೋಗುತ್ತದೆ. ಅದಕ್ಕೇ 10–15 ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ವಾಡಿಕೆ.

ಕೆಲವು ವರ್ಷದ ಹಿಂದೆ ಧಾರವಾಡದಿಂದ ಒಂದು ಜೋಡಿ ಬಂತು. ಗಂಡ ರೈಲ್ವೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು, ವಯಸ್ಸು 63. ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುವುದು ರೂಢಿ. ಮೊದಲ ದಿನ ಬಾಯಿತಪ್ಪಿ ಹಾಗೆ ಕರೆದೆ, ಅದೇ ಉಳಿಯಿತು. ಅವರ ಯಜಮಾನರನ್ನು ಸರ್ ಅಂದೆ. ಮಕ್ಕಳು ಅಮೆರಿಕದಲ್ಲಿ, ಮನೆಗೆ ಬೀಗ. ಒಂದು ದೋಣಿ ಕೊಂಡು ಗೋವಾದಿಂದ ಕೊಚ್ಚಿಯವರೆಗೆ ಊರೂರು ನಿಲ್ಲುತ್ತ, ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ ಹೋಗಬೇಕು ಅನ್ನುವುದು ಸರ್ ಅವರ ಆಸೆ. 2017–18ರಲ್ಲಿ ನೌಕಾಪಡೆಯ ಆರು ಹೆಣ್ಣುಮಕ್ಕಳು ತಾರಿಣಿ ಅನ್ನುವ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, 254 ದಿನದಲ್ಲಿ ಜಗತ್ತು ಸುತ್ತಿ ಬಂದಿದ್ದರಲ್ಲ, ಆ ಸುದ್ದಿ ನೋಡಿದಾಗಿನಿಂದ ತಲೆಗೆ ಹತ್ತಿತ್ತಂತೆ. ತಾರಿಣಿ ಮತ್ತು ಅದಕ್ಕಿಂತ ಮುಂಚಿನ ಮಾದೇಯಿ, ಎರಡೂ ಮಾಂಡೋವಿ ನದಿಯ ದಿವಾಡಿ ದ್ವೀಪದಲ್ಲೇ ಕಟ್ಟಿದ ದೋಣಿಗಳು. ಅದನ್ನು ಹೇಳಿದಾಗ ಸರ್ ದೇವಸ್ಥಾನಕ್ಕೆ ಬಂದವರ ಹಾಗೆ ಆ ಕಡೆ ತಿರುಗಿ ನಿಂತರು.

ಅವರು ಮೆಚ್ಚಿದ್ದು 38 ಅಡಿಯ ಯಾಟ್, ಅಂದರೆ ವಿಹಾರದ ಹಾಯಿದೋಣಿ. ಮಾರುವವರು ಹೇಳಿದ್ದು 42 ಲಕ್ಷ. ಒಳಗೆ ತೇಗದ ಮರ, ಎರಡು ಮಲಗುವ ಕೋಣೆ, ಮೂರು ಬರ್ನರಿನ ಒಲೆ, ಓವನ್. ದೋಣಿ ನೋಡಲು ಬರುವವರು ಅಡುಗೆಮನೆ ನೋಡುತ್ತಾರೆ, ಹಾಸಿಗೆ ನೋಡುತ್ತಾರೆ. ಶೌಚಾಲಯದ ಕೈಪಂಪನ್ನು ಒಮ್ಮೆ ಒತ್ತಿ ನೋಡಿದವರನ್ನು ನಾನು ಕಂಡಿದ್ದು ಕಡಿಮೆ. ಇರಲಿ.

ನಾನು ಎರಡು ದಿನ ಬಡಿದೆ, ಕೆರೆದೆ, ಫೋಟೋ ತೆಗೆದೆ. 22 ಪುಟದ ವರದಿ ಬರೆದೆ. ತಂತಿಗಳಿಗೆ 17 ವರ್ಷ ಆಗಿದೆ, ಬದಲಿಸಿ. ಎರಡು ವಾಲ್ವು ತಿರುಗದಂತೆ ಹಿಡಿದುಕೊಂಡಿವೆ. ಕೀಲ್ ಬೋಲ್ಟು ಚೆನ್ನಾಗಿದೆ. ಬಲಗಡೆ ತಳದಲ್ಲಿ ತೇವ ಸ್ವಲ್ಪ ಜಾಸ್ತಿ, ಗಾಬರಿ ಬೇಡ. ದೋಣಿಯವರಲ್ಲಿ ಒಂದು ಮಾತಿದೆ: ಕೊಂಡ ಬೆಲೆಯ ಹತ್ತನೇ ಒಂದು ಪಾಲು ವರ್ಷವರ್ಷ ಖರ್ಚಿಗೆ ಎತ್ತಿಡಬೇಕು. ಅದನ್ನೂ ಬರೆದೆ. ನಿಜ ಹೇಳಬೇಕೆಂದರೆ ಆ ವರದಿಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಪಣಜಿಯ ಒಂದು ಹೋಟೆಲಿನಲ್ಲಿ ಕೂತು ಮೂವರೂ ಓದಿದೆವು. ಸರ್ ಪುಟಪುಟಕ್ಕೂ ಪ್ರಶ್ನೆ ಕೇಳಿದರು, ನಾನು ಉತ್ತರ ಕೊಟ್ಟೆ. ಅಕ್ಕೋರು ಚಹಾ ಕುಡಿಯುತ್ತ ಸುಮ್ನೆ ಇದ್ದರು. ಸರ್ ಟೋಕನ್ ಹಣದ ಮಾತು ತೆಗೆದಾಗ ಕಪ್ ಕೆಳಗಿಟ್ಟರು.

"ಎಲ್ಲಾ ಖರೆ, ತಮ್ಮಾ. ಜೂನ್‌ನಾಗ ಇದು ಎಲ್ಲಿರ್ತದ?"

ನನ್ನ ಬಳಿ ಉತ್ತರ ಇರಲಿಲ್ಲ. 22 ಪುಟದಲ್ಲಿ ಜೂನ್ ಅನ್ನುವ ಪದವೇ ಇರಲಿಲ್ಲ.

ನಾಚಿಕೆ ಆಗಿದ್ದು ಯಾಕೆಂದರೆ ನಾನು ಅಂಕೋಲೆ ಹತ್ತಿರದ ಕೇಣಿ ಅನ್ನುವ ಊರಿನ ಮೀನುಗಾರರ ಮನೆಯವನು. ಅಪ್ಪನದು ನಾಡದೋಣಿ. ಮೇ ಕೊನೆಗೆ ಇಡೀ ಕೇರಿ ಸೇರಿ ಒಂದೊಂದೇ ದೋಣಿಯನ್ನು ಮರಳಿನ ಮೇಲೆ ಎಳೆಯುತ್ತಿತ್ತು. ಮೇಲೆ ತೆಂಗಿನ ಮಡಲು ಹೊದಿಸಿ, ಹಗ್ಗ ಬಿಗಿದು ಮಳೆಗಾಲ ಕಳೆಯುತ್ತಿದ್ದೆವು. ಈಗಂತೂ ಕರ್ನಾಟಕ, ಗೋವಾ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ನಮ್ಮೂರಲ್ಲಿ ಹೊಸ ದೋಣಿ ಮಾಡಿಸುವವನು ಮೊದಲು ಅದನ್ನು ಎಳೆದಿಡುವ ಜಾಗ ನೋಡುತ್ತಾನೆ. ಚಡ್ಡಿ ಹಾಕುವ ವಯಸ್ಸಿನಲ್ಲೇ ಇದು ನನಗೆ ಗೊತ್ತಿತ್ತು. ಆಮೇಲೆ ಡಿಪ್ಲೊಮಾ ಮಾಡಿದೆ, ಗೋವಾಕ್ಕೆ ಬಂದೆ, ಯಾಟ್ ಮುಟ್ಟಿದೆ. ಯಾಟ್ ಬೇರೆ, ದೋಣಿ ಬೇರೆ ಅಂತ ತಲೆಯಲ್ಲಿ ಯಾವಾಗ ಕೂತಿತೋ ಗೊತ್ತಿಲ್ಲ.

ಆ ಹೋಟೆಲಿನಲ್ಲೇ ವರದಿಯನ್ನು ಮಗುಚಿ, ಹಿಂಬದಿಯಲ್ಲಿ ಲೆಕ್ಕ ಶುರು ಮಾಡಿದೆವು. ಆ 38 ಅಡಿಯ ದೋಣಿಯ ಕೀಲ್ ನೀರಿನೊಳಗೆ 2 ಮೀಟರ್ ಇಳಿಯುತ್ತದೆ. ಗೋವಾದಿಂದ ದಕ್ಷಿಣಕ್ಕೆ ಹೋದರೆ ಕೊಚ್ಚಿಯ ಬೋಳ್ಗಾಟಿಯಲ್ಲಿ ಮರೀನಾ, ಅಂದರೆ ಯಾಟ್ ಕಟ್ಟಿ ನಿಲ್ಲಿಸುವ ಧಕ್ಕೆ, ಇದೆ. ನಡುವೆ ದೊಡ್ಡ ಬಂದರು ಬಿಟ್ಟರೆ ಇರುವುದೆಲ್ಲ ಮೀನುಗಾರಿಕೆ ಧಕ್ಕೆಗಳು, ಅಳಿವೆಗಳು. ಅಳಿವೆ ಅಂದರೆ ಗೊತ್ತಲ್ಲ, ಬಾಯಿಗೇ ಮರಳದಿಬ್ಬ. ಪ್ರತಿ ಮಳೆಗಾಲ ಕಳೆದ ಮೇಲೆ ದಿಬ್ಬ ಜಾಗ ಬದಲಿಸಿರುತ್ತದೆ. ನಮ್ಮ ಕಡೆ ಭರತ-ಇಳಿತದ ನಡುವಿನ ಅಂತರ ಹೆಚ್ಚೆಂದರೆ 2 ಮೀಟರ್ ಆಸುಪಾಸು. ಮುಂಬೈಯಲ್ಲಾದರೆ 4–5 ಮೀಟರ್ ಏರುತ್ತದೆ, ಭರತ ನೋಡಿ ನುಗ್ಗಬಹುದು. ಇಲ್ಲಿ ಅಷ್ಟು ಸಲಿಗೆ ಇಲ್ಲ. ಅವರು ನಿಲ್ಲಬೇಕು ಅಂದುಕೊಂಡಿದ್ದ ಅರ್ಧ ಊರುಗಳಿಗೆ ಆ ದೋಣಿ ಒಳಗೇ ಹೋಗುತ್ತಿರಲಿಲ್ಲ. ಹೊರಗೆ ಲಂಗರು ಹಾಕಿ, ಪುಟ್ಟ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಬೇಕು.

ಮಳೆಗಾಲ ಇನ್ನೂ ಕಷ್ಟ. ಮಾಂಡೋವಿಯ ಬಾಯಲ್ಲಿ, ಅಗ್ವಾದ ಕೋಟೆಯ ಹತ್ತಿರ, ಜೂನ್ ಬಂತೆಂದರೆ ಅಲೆ ಒಡೆಯತೊಡಗುತ್ತದೆ. ಅದಿರಿನ ಬಾರ್ಜ್‌ಗಳೇ ಆ ದಾರಿ ಬಿಟ್ಟು ಕುಂಭಾರ್ಜುವಾ ಕಾಲುವೆ ಹಿಡಿದು ಜುವಾರಿ ನದಿಗೆ ಹೋಗುತ್ತಿದ್ದವು. (ಆ ಕಾಲುವೆಯಲ್ಲಿ ಮೊಸಳೆ ಇವೆ. ಇದನ್ನು ಗಿರಾಕಿಗಳಿಗೆ ನಾನು ಕೊನೆಗೆ ಹೇಳುತ್ತೇನೆ.) ಅಂದರೆ ಮೇ ಮುಗಿಯುವುದರೊಳಗೆ ದೋಣಿ ನೆಲದ ಮೇಲಿರಬೇಕು. 38 ಅಡಿಯದು ಏಳೆಂಟು ಟನ್ ತೂಗುತ್ತದೆ. ಅದನ್ನು ಎತ್ತುವ ಕ್ರೇನ್, ನಿಲ್ಲಿಸುವ ಯಾರ್ಡ್, ನಾಲ್ಕು ತಿಂಗಳ ಬಾಡಿಗೆ. ಆ ವರ್ಷ ನಾನು ವಿಚಾರಿಸಿದ ಎರಡೂ ಯಾರ್ಡ್‌ಗಳಲ್ಲಿ ಜಾಗ ಆಗಲೇ ತುಂಬಿತ್ತು.

ಸರ್ ಇನ್ನೂ ಬಿಡಲಿಲ್ಲ. "ಆ ಹುಡುಗ್ಯಾರು 56 ಅಡಿ ದೋಣಿ ತಗೊಂಡು ಲೋಕ ಸುತ್ತಿದ್ರು, ನಮಗ 38 ಅಡಿ ಆಗೂದಿಲ್ಲೇನು?" ಅವರು ಆರು ಜನ ಇದ್ದರು ಸರ್, ಹಿಂದೆ ನೌಕಾಪಡೆ ಇತ್ತು ಅಂದೆ. ಮಾತಿನಿಂದ ಆಗುವ ಕೆಲಸ ಅಲ್ಲ ಅನಿಸಿತು. ಮಾಲೀಕರನ್ನು ಕೇಳಿ ಆ ದೋಣಿಯಲ್ಲೇ ಒಂದು ರಾತ್ರಿ ಇರಲು ಒಪ್ಪಿಸಿದೆ. ಮೂವರೂ ದೋನಾ ಪಾವ್ಲಾ ಎದುರಿಗೆ 8 ಮೀಟರ್ ನೀರಿನಲ್ಲಿ ಲಂಗರು ಹಾಕಿದೆವು. ಆಳದ ಐದು ಪಟ್ಟು ಸರಪಳಿ ಬಿಡಬೇಕು, ಅಂದರೆ 40 ಮೀಟರ್. 10 ಮಿಲಿಮೀಟರ್ ಸರಪಳಿ ಮೀಟರಿಗೆ ಎರಡು ಕಿಲೋ ಮೀರಿ ತೂಗುತ್ತದೆ. ಬೆಳಿಗ್ಗೆ ಲಂಗರು ಎತ್ತುವ ಮೋಟಾರ್ ಆಫ್ ಮಾಡಿ, ಇದು ಕೆಟ್ಟಿದೆ ಅಂದುಕೊಳ್ಳಿ, ಕೈಯಲ್ಲಿ ಎಳೆಯಿರಿ ಅಂದೆ. ನೇತಾಡುವ ಸರಪಳಿ, ತುದಿಯ ಲಂಗರು ಸೇರಿ ಮೂವತ್ತು ಕಿಲೋ ದಾಟುತ್ತದೆ, ಮೇಲೆ ಕೆಸರಿನ ಹಿಡಿತ ಬೇರೆ. ಸರ್ ಎಳೆದರು. ಪೂರ್ತಿ ಎಳೆದರು, ಅದನ್ನು ಒಪ್ಪಬೇಕು. ಆಮೇಲೆ ಅರ್ಧ ಗಂಟೆ ಮಾತಾಡಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಆ ರಾತ್ರಿ. ಸರ್‌ಗೆ ಸಂಜೆಯಿಂದಲೇ ಹೊಟ್ಟೆ ತೊಳಸುತ್ತಿತ್ತು, ಮಲಗಿಬಿಟ್ಟಿದ್ದರು. ಎರಡು ಗಂಟೆಗೆ ಅಕ್ಕೋರು ನನ್ನನ್ನು ಎಬ್ಬಿಸಿದರು. "ತಮ್ಮಾ, ದೀಪಾ ಸರದಾವ." ಮೇಲೆ ಹೋಗಿ ನೋಡಿದರೆ ಮೊರ್ಮುಗಾವ್ ಬಂದರಿನ ದೀಪಗಳು ಎಡದಲ್ಲಿದ್ದವು ಬಲಕ್ಕೆ ಬಂದಿವೆ. ಭರತ ತಿರುಗಿತ್ತು, ದೋಣಿ ಲಂಗರಿನ ಸುತ್ತ ಹೊರಳಿತ್ತು, ಅಷ್ಟೇ. ಲಂಗರು ಜಾರಿದ್ದರೂ ಮೊದಲು ಕಾಣುವುದು ಹೀಗೇ, ಅಲ್ವಾ? ಮಲಗುವ ಮುಂಚೆ ಅವರು ಎರಡು ದೀಪ ಗುರುತು ಮಾಡಿ, ಅವುಗಳ ನಡುವಿನ ಕೋನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನಾನು ಹೇಳಿಕೊಟ್ಟಿದ್ದಲ್ಲ. ದೋಣಿಗೆ ಕ್ಯಾಪ್ಟನ್ ಯಾರು ಅನ್ನುವುದು ಆಗಲೇ ಗೊತ್ತಾಗಿಹೋಯಿತು.

ಆ ಸೌದಾ ಮುರಿದುಬಿತ್ತು. ಮಾರಾಟ ಮಾಡಿಸುತ್ತಿದ್ದವನು ಫೋನಿನಲ್ಲಿ ನನ್ನನ್ನು ಚೆನ್ನಾಗಿ ಝಾಡಿಸಿದ. ದೋಣಿ ನೋಡು ಅಂದರೆ ಗಿರಾಕಿ ಓಡಿಸುತ್ತೀಯಾ ಅಂದ. ಅವನ ಕಡೆಯಿಂದ ಬರುತ್ತಿದ್ದ ಕೆಲಸ ಒಂದು ವರ್ಷ ನಿಂತುಹೋಯಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂದಿನಿಂದ ನನ್ನ ವರದಿಯ ಮೊದಲ ಪುಟದಲ್ಲಿ ದೋಣಿಯ ವಿಷಯವೇ ಇಲ್ಲ. ಮಳೆಗಾಲ ಎಲ್ಲಿ, ಎತ್ತುವವರು ಯಾರು, ಹೋಗಬೇಕಾದ ಜಾಗಗಳಲ್ಲಿ ನೀರೆಷ್ಟು, ಮೋಟಾರ್ ಕೆಟ್ಟರೆ ಲಂಗರು ಎತ್ತುವ ಕೈ ಯಾರದು. ಇವಕ್ಕೆ ಉತ್ತರ ಬಾರದೆ ಸುತ್ತಿಗೆ ಹೊರತೆಗೆಯುವುದಿಲ್ಲ. ಹೀಗೆ ಕೇಳಿದ್ದಕ್ಕೇ ಕೆಲವರು ಫೋನ್ ಇಟ್ಟುಬಿಡುತ್ತಾರೆ. ಒಂದು ಫೀಸು ಹೋಗುತ್ತದೆ.

ನಡುವೆ ಇನ್ನೊಂದು ದೋಣಿ ಬಂತು, ವಿದೇಶಿಯೊಬ್ಬರದು, ಬೆಲೆ ಅರ್ಧಕ್ಕರ್ಧ. ಕಸ್ಟಮ್ಸ್ ಸುಂಕ ಕಟ್ಟಿದ ಕಾಗದ, ಬಿಲ್ ಆಫ್ ಎಂಟ್ರಿ, ಕೇಳಿದರೆ ನಾಳೆ ನಾಡಿದ್ದು ಅಂದರು. ಸುಂಕ ಕಟ್ಟದ ದೋಣಿ ಎಷ್ಟು ಅಗ್ಗವಾದರೂ ದುಬಾರಿಯೇ. ಅದನ್ನು ಬಡಿದೂ ನೋಡಲಿಲ್ಲ.

ಎಂಟು ತಿಂಗಳ ಮೇಲೆ ಅವರು ಕೊಂಡಿದ್ದು 26 ಅಡಿಯ ಹಳೇ ದೋಣಿ. ಕೆಳಗೆ ಒಂದು ಉದ್ದ ಕೀಲಿನ ಬದಲು ಎರಡು ಗಿಡ್ಡ ಕೀಲುಗಳು. ಒಂದು ಮೀಟರಿಗೂ ಕಡಿಮೆ ನೀರು ಸಾಕು. ಇಳಿತಕ್ಕೆ ನೀರು ಹೋದರೆ ಕೆಸರಿನ ಮೇಲೆ ಎಮ್ಮೆಯ ಹಾಗೆ ನೆಮ್ಮದಿಯಾಗಿ ಕೂತಿರುತ್ತದೆ. ತೇಗ ಇಲ್ಲ, ಓವನ್ ಇಲ್ಲ, ಸರ್ ಒಳಗೆ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯ ನೋಂದಣಿಗೆ ಓಡಾಡಿದ್ದು ಸರ್. ಫೈಲಿನ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ.

ಡಿಸೆಂಬರಿನಲ್ಲಿ ಮೊದಲ ಪಯಣ, ಕಾರವಾರಕ್ಕೆ. ಸುಮಾರು 40 ನಾಟಿಕಲ್ ಮೈಲಿ, ಅಂದರೆ 75 ಕಿಲೋಮೀಟರ್ ಹತ್ತಿರ. ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಯಲ್ಲಿ ಹೊರಟು, ಮಧ್ಯಾಹ್ನ ವಾಯವ್ಯದ ಗಾಳಿ ಎದ್ದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡರೆ ದಕ್ಷಿಣಕ್ಕೆ ಹೋಗುವುದು ಸುಲಭ. ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ. ಅದಕ್ಕೇ ಉತ್ತರಕ್ಕೆ ಬರುವವರು ರಾತ್ರಿ ಮೂರಕ್ಕೇ ಲಂಗರು ಎತ್ತಿ, ಸಮುದ್ರದ ಗಾಳಿ ಏಳುವ ಮುಂಚೆ ಆದಷ್ಟು ದೂರ ಬಂದುಬಿಡಬೇಕು. ಕಾರವಾರದ ಹತ್ತಿರದ ಅಂಜುದೀವ ದ್ವೀಪದ ಕಡೆ ತಲೆ ಹಾಕಬೇಡಿ, ಅದು ನೌಕಾಪಡೆಯ ಜಾಗ ಅಂತ ಎರಡು ಸಲ ಹೇಳಿ ಕಳಿಸಿದೆ. ಕೋಸ್ಟ್ ಗಾರ್ಡ್ ಸಹಾಯವಾಣಿ 1554 ಅನ್ನು ಅಕ್ಕೋರು ಚುಕ್ಕಾಣಿಯ ಪಕ್ಕದಲ್ಲೇ ಅಂಟಿಸಿದ್ದರು.

ಕಾರವಾರದಿಂದ ತದಡಿಗೆ ಹೋಗುವ ಮನಸ್ಸಾಯಿತು ಅವರಿಗೆ. ಅಘನಾಶಿನಿಯ ಅಳಿವೆ ನನಗೆ ಅಷ್ಟು ಗೊತ್ತಿಲ್ಲ, ಅಪ್ಪನಿಗೆ ಗೊತ್ತು. ನಂಬರು ಕೊಟ್ಟೆ. ಅಪ್ಪ ಅಕ್ಕೋರ ಜೊತೆ ಮುಕ್ಕಾಲು ಗಂಟೆ ಮಾತಾಡಿದನಂತೆ. ಏರು ಭರತದಲ್ಲೇ ಬನ್ನಿ, ಮೀನುದೋಣಿ ಒಂದು ಒಳಗೆ ಹೋಗುವವರೆಗೆ ಕಾಯಿರಿ, ಅದರ ಬೆನ್ನು ಬಿಡಬೇಡಿ. ಆಮೇಲೆ ನನಗೆ ಫೋನ್ ಮಾಡಿ, "ಇಷ್ಟೇನಾ ನಿನ್ನ ಕೆಲ್ಸ? ಇದಕ್ಕೆ ದುಡ್ಡು ಕೊಡ್ತ್ರಾ?" ಅಂದ.

ಮೇ ಮೂರನೇ ವಾರ ದೋಣಿ ಎತ್ತುವ ದಿನ ಅಪ್ಪನನ್ನೂ ಕರೆಸಿದ್ದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ನನ್ನ ಕೆಲಸದ ಜಾಗಕ್ಕೆ ಬಂದಿದ್ದು. ಸಣ್ಣ ಕ್ರೇನ್ ಸಾಕಾಯಿತು, ಮೂರು ಟನ್ನಿನೊಳಗಿನ ದೋಣಿ. ಅಪ್ಪ ಒಂದು ಸುತ್ತು ಹಾಕಿ, ಬೆರಳ ಗೆಣ್ಣಿನಿಂದ ನಾಲ್ಕು ಕಡೆ ಬಡಿದು ನೋಡಿದ. ಏನೂ ಹೇಳಲಿಲ್ಲ. ನಾನೂ ಸರ್ ಸೇರಿ ನೀಲಿ ತಾಡಪಾಲು ಬಿಚ್ಚುತ್ತಿದ್ದಾಗ ಹತ್ತಿರ ಬಂದ.

"ಮಡಲು ತರ್ಲಿಲ್ವಾ?"

ಇದು ಸಾಕು ಅಪ್ಪ, ಗಟ್ಟಿ ತಾಡಪಾಲು ಅಂದೆ. ಅಪ್ಪ ಅದರ ಅಂಚು ಹಿಡಿದು ಎರಡು ಬೆರಳಲ್ಲಿ ಉಜ್ಜಿದ. ಗಾಳಿ ಆಡದೆ ಒಳಗೆ ಬೆವರುತ್ತದೆ, ಆಗಸ್ಟಿನಲ್ಲಿ ತೆಗೆದು ನೋಡು ಅಂದ. ಅಕ್ಕೋರು ಆಗಲೇ ನೋಟ್‌ಬುಕ್ ತೆಗೆದಿದ್ದರು. ರಿಬಂದರಿನಲ್ಲಿ ಮಡಲು ಹೆಣೆಯುವವರು ಯಾರಾದರೂ ಇದ್ದಾರಾ ಅಂತ ನನ್ನನ್ನು ಕೇಳಿದರು.