ಈಕ್ವೆಡಾರ್‌ನಲ್ಲಿ ಹಮ್ಮಿಂಗ್‌ಬರ್ಡ್ ನೋಡಬೇಕಾ? ಮೊದಲು ಎತ್ತರ ನೋಡಿ

ಈಕ್ವೆಡಾರ್‌ಗೆ ಹಕ್ಕಿ ನೋಡೋಕೆ ಹೋಗ್ತೀನಿ ಅಂದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಹಕ್ಕಿಗಳ ಪಟ್ಟಿ ಆಮೇಲೆ ಮಾಡಿಕೊಳ್ಳಿ, ಮೊದಲು ಯಾವ ಊರು ಎಷ್ಟು ಎತ್ತರದಲ್ಲಿದೆ, ಬೆಟ್ಟದ ಯಾವ ಮಗ್ಗುಲಲ್ಲಿದೆ ಅಂತ ಬರೆದುಕೊಳ್ಳಿ. ಅಲ್ಲಿ ಹಮ್ಮಿಂಗ್‌ಬರ್ಡ್‌ಗಳ ಲೆಕ್ಕ ಇರುವುದೇ ಅದರಲ್ಲಿ.

ದೇಶ ಹೆಚ್ಚುಕಡಿಮೆ ಕರ್ನಾಟಕದ ಒಂದೂವರೆಯಷ್ಟು, ಅಷ್ಟೇ. ಅಷ್ಟರಲ್ಲೇ 130ಕ್ಕೂ ಹೆಚ್ಚು ಜಾತಿಯ ಹಮ್ಮಿಂಗ್‌ಬರ್ಡ್‌ಗಳಿವೆ. ಇಡೀ ಜಗತ್ತಿನಲ್ಲಿ ಇರುವುದೇ 360 ಚಿಲ್ಲರೆ ಜಾತಿ, ಅದೂ ಅಮೆರಿಕ ಖಂಡಗಳಲ್ಲಿ ಮಾತ್ರ. ಪಕ್ಕದ ಕೊಲಂಬಿಯಾದಲ್ಲಿ ಇನ್ನೂ ಜಾಸ್ತಿ ಇವೆ, ಆದರೆ ಅದು ಎಷ್ಟೋ ದೊಡ್ಡ ದೇಶ. (ನಮ್ಮ ಹಿತ್ತಲಿಗೆ ಬರುವ ಸೂರಕ್ಕಿಯನ್ನು ಹಮ್ಮಿಂಗ್‌ಬರ್ಡ್ ಅನ್ನುವವರು ಬಹಳ. ಎರಡೂ ಮಕರಂದ ಕುಡಿಯುತ್ತವೆ ಅನ್ನುವುದು ಬಿಟ್ಟರೆ ಅವಕ್ಕೆ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ.)

ಆಂಡಿಸ್ ಪರ್ವತಸಾಲು ದೇಶದ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುತ್ತದೆ. ಪಶ್ಚಿಮದ ಇಳಿಜಾರು ಪೆಸಿಫಿಕ್ ಕಡೆಗೆ, ಪೂರ್ವದ್ದು ಅಮೆಜಾನ್ ಕಡೆಗೆ. ರಾಜಧಾನಿ ಕೀಟೊ ಇರುವುದು ಸುಮಾರು 2,850 ಮೀಟರ್ ಎತ್ತರದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ಘಟ್ಟ ಇಳಿದರೆ ಮಿಂಡೊ ಸಿಗುತ್ತದೆ, ಅಷ್ಟರಲ್ಲಿ ಸಾವಿರದೈನೂರು ಮೀಟರ್ ಕೆಳಗೆ ಬಂದಿರುತ್ತೀರಿ, ಗಾಳಿ ಬೆಚ್ಚಗಾಗಿರುತ್ತದೆ, ಮರ ಬೇರೆ, ಹೂ ಬೇರೆ, ಬೆಳಿಗ್ಗೆ ನೋಡಿದ ಹಕ್ಕಿಗಳಲ್ಲಿ ಹೆಚ್ಚಿನವು ಇಲ್ಲಿ ಇಲ್ಲವೇ ಇಲ್ಲ.

ಮಗ್ಗುಲು ಬದಲಾದರೂ ಹಾಗೇ. ರ‍್ಯಾಕೆಟ್‌ಟೇಲ್ ಅಂತ ಒಂದು ಪುಟಾಣಿ ಇದೆ, ತೂಕ ಮೂರು ಗ್ರಾಂ ಆಸುಪಾಸು. ಗಂಡಿನ ಬಾಲದಲ್ಲಿ ಎರಡು ಉದ್ದ ಕಡ್ಡಿ, ತುದಿಯಲ್ಲಿ ಒಂದೊಂದು ಬಿಲ್ಲೆ, ನಮ್ಮ ಭೀಮರಾಜನ ಬಾಲದಲ್ಲಿರುವ ಹಾಗೆ. ಕಾಲಿಗೆ ಹತ್ತಿಯಂಥ ಪುಕ್ಕದ ಬೂಟು. ಪಶ್ಚಿಮದ ಕಾಡಿನಲ್ಲಿ ಆ ಬೂಟು ಅಚ್ಚ ಬಿಳಿ. ಪರ್ವತ ದಾಟಿ ಪೂರ್ವಕ್ಕೆ ಹೋದರೆ ಕಿತ್ತಳೆ ಛಾಯೆಯ ಕಂದು. ನಡುವಿನ ಎತ್ತರದ ಚಳಿಯನ್ನು ದಾಟಲಾಗದೆ ಎರಡೂ ಕಡೆಯವು ಬೇರೆಬೇರೆಯಾಗಿ ಉಳಿದವು. ಒಂದು ಬೆಟ್ಟಸಾಲು ಹೊಸ ಜಾತಿಗಳನ್ನು ಹೇಗೆ ಹುಟ್ಟಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಮಿಂಡೊ, ತಂಡಾಯಪಾ ಕಡೆಯ ಲಾಡ್ಜ್‌ಗಳಲ್ಲೆಲ್ಲ ಫೀಡರ್ ನೇತುಹಾಕಿರುತ್ತಾರೆ. ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು. ಮುಖ ಪರಿಚಯಕ್ಕೆ ಅದು ಒಳ್ಳೆಯ ಜಾಗ, ಖಂಡಿತ ಕೂತು ನೋಡಿ. ಬಫ್‌-ಟೇಲ್ಡ್ ಕಾರೊನೆಟ್ ಬಂದು ಕೂತ ಮೇಲೂ ಒಂದು ಕ್ಷಣ ರೆಕ್ಕೆ ಮೇಲಕ್ಕೆತ್ತಿ ಹಿಡಿಯುತ್ತದೆ, ಒಳಗಿನ ದಾಲ್ಚಿನ್ನಿ ಬಣ್ಣ ಕಾಣುತ್ತದೆ, ಆಮೇಲೆ ಪಕ್ಕದವರನ್ನೆಲ್ಲ ಓಡಿಸಲು ಶುರು. ಆದರೆ ಇಡೀ ದಿನ ಅಲ್ಲೇ ಕಳೆಯಬೇಡಿ. ಬಾಗಿದ ಕೊಕ್ಕಿನ ಹರ್ಮಿಟ್ ಅನ್ನುವ ಹಮ್ಮಿಂಗ್‌ಬರ್ಡ್‌ಗಳು ಕಾಡಿನ ನೆರಳಲ್ಲಿ ಹೂವಿನಿಂದ ಹೂವಿಗೆ ದಿನಾ ಅದೇ ದಾರಿಯಲ್ಲಿ ಸುತ್ತುತ್ತವೆ. ಹೆಲಿಕೋನಿಯಾ ಗಿಡದ ಹತ್ತಿರ ಸುಮ್ನೆ ನಿಂತು ಕಾಯಬೇಕು, ಬರುತ್ತವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಜಾಗ ಯಾನಾಕೋಚಾ. ಪಿಚಿಂಚಾ ಜ್ವಾಲಾಮುಖಿಯ ಮಗ್ಗುಲಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, ಹೊಕೊಟೊಕೊ ಅನ್ನುವ ಸಂಸ್ಥೆ ಕಾಪಾಡುತ್ತಿರುವ ಕಾಡು. ಸ್ವೋರ್ಡ್‌-ಬಿಲ್ಡ್ ಹಮ್ಮಿಂಗ್‌ಬರ್ಡ್ ಇಲ್ಲಿ ಸಿಗುತ್ತದೆ. ಬಾಲ ಬಿಟ್ಟರೆ ಮೈಗಿಂತ ಕೊಕ್ಕೇ ಉದ್ದ, ಜಗತ್ತಿನ ಬೇರೆ ಯಾವ ಹಕ್ಕಿಗೂ ಹೀಗಿಲ್ಲ. ಕೂತಾಗ ಕೊಕ್ಕನ್ನು ಆಕಾಶದ ಕಡೆ ಎತ್ತಿರುತ್ತದೆ, ಭಾರ ಕಡಿಮೆಯಾಗಲಿ ಅಂತ. ಅಷ್ಟುದ್ದದ ಕೊಕ್ಕು ಮೈಗೆ ಎಟುಕುವುದಿಲ್ಲ, ಹಾಗಾಗಿ ಪುಕ್ಕ ಬಾಚಿಕೊಳ್ಳುವುದು ಕಾಲಿನಲ್ಲಿ! ಒಂದೇ ಕಾಲಲ್ಲಿ ನಿಂತು ಕತ್ತು ಕೆರೆಯುವುದನ್ನು ಬೈನಾಕ್ಯುಲರ್‌ನಲ್ಲಿ ನೋಡಬೇಕು. ಅಲ್ಲಿನ ಕಾಡು ಪ್ಯಾಶನ್ ಹೂವಿನ ಕೊಳವೆಯೂ ಅಷ್ಟೇ ಉದ್ದ. ಆ ಹೂವಿನ ಪರಾಗಸ್ಪರ್ಶ ಈ ಹಕ್ಕಿಯನ್ನೇ ನಂಬಿಕೊಂಡಿದೆ.

ಅದೇ ಕಾಡಿನಲ್ಲಿ ಕಪ್ಪು ಎದೆಯ ಪಫ್‌ಲೆಗ್ ಇದೆ, ಕೀಟೊ ನಗರದ ಲಾಂಛನ ಹಕ್ಕಿ. ಇದ್ದಿಲಿಗೆ ಮರ ಕಡಿದು, ಹುಲ್ಲುಗಾವಲು, ಹೊಲ ಮಾಡಿ ಅದರ ಜಾಗವನ್ನು ಬಹುಪಾಲು ಮುಗಿಸಿದ್ದಾರೆ. ಈಗ ಅಳಿವಿನ ಅಂಚಿನಲ್ಲಿದೆ.

ಇನ್ನೂ ಮೇಲೆ, ಚಿಂಬೊರಾಜೊ ಕಡೆ ನಾಲ್ಕು ಸಾವಿರ ಮೀಟರ್ ದಾಟಿದ ಹುಲ್ಲುಗಾಡಿನಲ್ಲಿ, ನಮಗೆ ನಾಲ್ಕು ಹೆಜ್ಜೆಗೇ ಉಸಿರು ಕಟ್ಟುವಲ್ಲಿ, ಹಿಲ್‌ಸ್ಟಾರ್ ಅನ್ನುವ ಹಮ್ಮಿಂಗ್‌ಬರ್ಡ್ ಹಾಯಾಗಿ ಬದುಕುತ್ತದೆ. ಚುಕಿರಾಗ್ವಾ ಅನ್ನುವ ಕಿತ್ತಳೆ ಹೂವಿನ ಮೇಲೆ ಕೂತೇ ಕುಡಿಯುತ್ತದೆ, ಆ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುವುದು ದುಬಾರಿ ಅಲ್ವಾ. ರಾತ್ರಿ ಮೈ ತಣ್ಣಗೆ ಮಾಡಿಕೊಂಡು ಮರಗಟ್ಟಿದ ಹಾಗೆ ಕಳೆಯುವುದು ಎತ್ತರದ ಹಮ್ಮಿಂಗ್‌ಬರ್ಡ್‌ಗಳ ಉಪಾಯ. ಪೆರುವಿನ ಆಂಡಿಸ್‌ನಲ್ಲಿ ಕಪ್ಪು ಮೆಟಲ್‌ಟೇಲ್ ಒಂದರ ಮೈ ಬಿಸಿ 3.3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ, 2020ರಲ್ಲಿ ಪ್ರಕಟವಾಯಿತು. ಬೆಳಗಾದರೆ ಮತ್ತೆ ಮೈ ಕಾಯಿಸಿಕೊಂಡು ಹಾರುತ್ತವೆ.

ಹಿಲ್‌ಸ್ಟಾರ್‌ಗಳಲ್ಲೇ ಒಂದು ಹೊಸ ಜಾತಿ ಸಿಕ್ಕಿದ್ದು 2017ರಲ್ಲಿ. ದಕ್ಷಿಣದ ಸೆರ್ರೊ ದೆ ಆರ್ಕೋಸ್ ಬೆಟ್ಟದಲ್ಲಿ, ನೀಲಿ ಗಂಟಲಿನದು. ಮರುವರ್ಷ ಅದನ್ನು ವಿವರಿಸಿ ಹೆಸರಿಟ್ಟರು. ಇರುವುದು ಹೆಚ್ಚೆಂದರೆ 750 ಅಂತ ಆಗ ಅಂದಾಜು ಮಾಡಿದ್ದರು, ಆ ಬೆಟ್ಟದ ಹುಲ್ಲಿಗೆ ಬೆಂಕಿ ಹಾಕುತ್ತಾರೆ, ಗಣಿಗಾರಿಕೆಯ ಕಣ್ಣೂ ಅಲ್ಲಿ ಬಿದ್ದಿದೆ. ಹೋಗುವವರು ಮಿಂಡೊದಲ್ಲಿ ಒಂದು ದಿನ ಕಡಿಮೆ ಮಾಡಿಕೊಂಡಾದರೂ ದಕ್ಷಿಣಕ್ಕೆ ಹೋಗಿ, ಊರಿನ ಗೈಡ್ ಒಬ್ಬರನ್ನೇ ಕರೆದುಕೊಳ್ಳಿ, ದುಡ್ಡು ಅಲ್ಲೇ ಉಳಿಯುತ್ತದೆ. ಬೆಚ್ಚನೆ ಜಾಕೆಟ್ ಮರೆಯಬೇಡಿ.